ಮರದ ಮಣಿ ಸರ ಮತ್ತು ಹೆಂಗಸರ ಬೋಗಿ

ಚನ್ನಪಟ್ಟಣದವರೆಲ್ಲ ಹುಟ್ಟುತ್ತಲೇ ಬೊಂಬೆ ಮಾಡಲು ಕಲಿತಿರುತ್ತಾರೆಂದು ಬೆಂಗಳೂರಿನವರು ನಂಬಿದ್ದಾರೆ. ನಾನು ಮದುವೆಯಾಗಿ ಆ ಊರಿಗೆ ಬಂದವಳು. ಆದರೂ ಅವರ ನಂಬಿಕೆಗೆ ಭಂಗ ತರಬಾರದೆಂದು ಮಹಿಳೆಯರಿಗಾಗಿ ನಡೆದ ಉಚಿತ ತರಬೇತಿಗೆ ಸೇರಿ, ಬಣ್ಣದ ಮರದ ಮಣಿಗಳನ್ನು ಪೋಣಿಸಿ ಸರ, ಓಲೆ ಮಾಡುವುದನ್ನು ಕಲಿತೆ. ಕೊನೆಯ ದಿನ ಒಬ್ಬ ಅಧಿಕಾರಿ ಬಂದು, ನಾವೆಲ್ಲ ಇನ್ನು ಸ್ವಾವಲಂಬಿಗಳೆಂದು ಘೋಷಿಸಿ, ಬೋಂಡಾ ತಿಂದು ಜೀಪು ಹತ್ತಿದರು. ಸರಗಳನ್ನು ಯಾರಿಗೆ ಮಾರಬೇಕೆಂಬ ಸಣ್ಣ ವಿಷಯ ಹೇಳಲು ಅವರಿಗೆ ಪುರುಸೊತ್ತಾಗಲಿಲ್ಲ.

ನನ್ನ ಮೊದಲ ಸರವನ್ನು ಅತ್ತೆಗೆ ತೋರಿಸಿದೆ. ಅವರು ಅದನ್ನು ದೂರ ಹಿಡಿದು ನೋಡಿದರು.

"ಚೆನ್ನಾಗೈತೆ. ಯಾವ ಎತ್ತಿಗೆ ಕಟ್ಟಕ್ಕೆ?"

ಹೆದ್ದಾರಿಯ ಬೊಂಬೆ ಅಂಗಡಿಯವರು ಇನ್ನೂ ಉದಾರಿಗಳು. ಸರವನ್ನು ಬಾಗಿಲ ಬಳಿಯ ಮರದ ಕುದುರೆಯ ಕೊರಳಿಗೆ ಹಾಕಿ, ಎಲ್ಲರಿಗೂ ಕಾಣುತ್ತದೆ ಎಂದರು. ಕಾಣಿಸಿತು. ಮೈಸೂರಿಗೆ ಹೊರಟಿದ್ದ ಯಾರೋ ಕುದುರೆಯನ್ನು ಕೊಂಡರು, ಸರ ಅದರ ಜೊತೆ ಪುಕ್ಕಟೆ ಹೋಯಿತು. ಆಮೇಲೆ ಒಂದು ಶನಿವಾರ ಕೆಂಗಲ್ ಆಂಜನೇಯನ ಗುಡಿಯ ಮುಂದೆ ಕೂತೆ. ಬಂದ ಭಕ್ತರೆಲ್ಲ ಅದನ್ನು ಜಪಮಾಲೆ ಎಂದುಕೊಂಡು ಮಣಿ ಎಣಿಸಿ, ಲೆಕ್ಕ ಸರಿಬರದೆ, ನನ್ನನ್ನೇ ಮೋಸಗಾತಿಯಂತೆ ನೋಡಿ ಮುಂದೆ ಹೋದರು.

ಉಳಿದದ್ದು ರೈಲು. ಬೆಳಗಿನ ಪ್ಯಾಸೆಂಜರ್ ಗಾಡಿಯ ಹೆಂಗಸರ ಬೋಗಿಯಲ್ಲಿ ಹೂವಿನಿಂದ ಹಿಡಿದು ನೈಟಿಯವರೆಗೆ ಎಲ್ಲವೂ ಬಿಕರಿಯಾಗುತ್ತಿತ್ತು. ಸೊಸೆ ಒಬ್ಬಳೇ ರೈಲಿನಲ್ಲಿ ವ್ಯಾಪಾರಕ್ಕೆ ಹೋದರೆ ಜನ ಏನಾದರೂ ಆಡಿಕೊಳ್ಳುತ್ತಾರೆಂದು ಅತ್ತೆಯೂ ಹೊರಟರು. ಜನಕ್ಕೆ ಆ ತೊಂದರೆ ಕೊಡದೆ ತಾವೇ ಆಡಿಕೊಳ್ಳುವ ಯೋಚನೆ ಅವರಿಗಿತ್ತೆಂದು ನನಗೆ ಗೊತ್ತಿರಲಿಲ್ಲ.

ನಾನು ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ: ನೈಸರ್ಗಿಕ ಬಣ್ಣ, ಹಗುರ, ಚರ್ಮಕ್ಕೆ ಹಿತ. ಒಬ್ಬಾಕೆ ಸೊಪ್ಪು ಸೋಸುತ್ತಲೇ ಇದ್ದಳು, ಇನ್ನೊಬ್ಬಾಕೆ ಆಕಳಿಸಿದಳು. ಎದುರಿನ ಸೀಟಿನಲ್ಲಿ ಅತ್ತೆ ಪಕ್ಕದ ಅಜ್ಜಿಗೆ ಹೇಳುತ್ತಿದ್ದರು: "ಇವಳೇ ಕಣವ್ವ ನನ್ ಸೊಸೆ. ಮನೇಲಿ ಪಾತ್ರೆ ಬಿದ್ದವೆ, ಇವಳು ಮಣಿ ಪೋಣಿಸ್ಕಂಡು ಕೂತವ್ಳೆ. ಈ ವಯಸ್ಸಲ್ಲಿ ನನ್ನ ರೈಲ್ ಹತ್ಸಿಬುಟ್ಳು."

"ಅಯ್ಯೋ ನಮ್ಮೋಳೂ ಹಿಂಗೇಯ," ಎಂದು ಅಜ್ಜಿ ಹತ್ತಿರ ಸರಿದರು. ರಾಮನಗರ ಬರುವಷ್ಟರಲ್ಲಿ ಅರ್ಧ ಬೋಗಿಯ ಅತ್ತೆಯರು ಸುತ್ತ ಸೇರಿದ್ದರು. ಪಾಪ, ಮುದುಕಿ ಬರಿಗೈಲಿ ಮನೆಗೆ ಹೋದರೆ ಇವಳು ಎಷ್ಟು ಗೋಳು ಹುಯ್ದುಕೊಳ್ಳುತ್ತಾಳೋ ಎಂದು ಒಬ್ಬೊಬ್ಬರೇ ಸರ ಕೊಂಡರು. ನನ್ನ ಕಡೆ ಬೀರಿದ ನೋಟಕ್ಕೆ ಮಾತ್ರ ಅವರು ದುಡ್ಡು ತೆಗೆದುಕೊಳ್ಳಲಿಲ್ಲ.

ಹೀಗೆ ನನ್ನ ಮಾನ ಹೋದಷ್ಟೂ ವ್ಯಾಪಾರ ಬೆಳೆಯಿತು. ಒಮ್ಮೆ ಮರೆತು ಅತ್ತೆಗೆ ನೀರಿನ ಬಾಟಲಿ ಕೊಟ್ಟುಬಿಟ್ಟೆ, ಆ ದಿನ ಒಂದು ಓಲೆಯೂ ಹೋಗಲಿಲ್ಲ. ಅತ್ತೆಯ ಕಟ್ಟುಕತೆಗಳಿಗೆಲ್ಲ ನಾನು ಒಳಗೊಳಗೇ ನಗುತ್ತಿದ್ದೆ. ಆದರೆ ಒಂದು ಸಲ ಅವರು ದನಿ ತಗ್ಗಿಸಿ, "ಒಂದಿನಾನಾದ್ರೂ ನನ್ ಜೊತೆ ಕೂತ್ಕಂಡು ಉಂಡವಳಲ್ಲ" ಎಂದರು. ಅದು ವ್ಯಾಪಾರದ ಮಾತಾಗಿರಲಿಲ್ಲ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಅತ್ತೆಗೆ ಮಂಡಿನೋವು ಬಂದು ಮಲಗಿದಾಗ ನಾನೊಬ್ಬಳೇ ಹೋದೆ. ಆಫೀಸಿಗೆ, ಬಿಡದಿಯ ಫ್ಯಾಕ್ಟರಿಗಳಿಗೆ ಹೋಗುವ ಸೊಸೆಯರ ನಡುವೆ ಕೂತು ನಿಟ್ಟುಸಿರು ಬಿಟ್ಟೆ. "ಮಾಡಿ ಹಾಕಿದ್ದು ಚೆನ್ನಾಗಿದೆ ಅಂತ ಒಂದು ದಿನ ಹೇಳಿದವರಲ್ಲ ನಮ್ಮತ್ತೆ," ಎಂದೆ. ಸಾಕಾಯಿತು. ಬಿಡದಿ ದಾಟುವ ಮೊದಲೇ ಚೀಲ ಖಾಲಿ. ಮಾರುಕಟ್ಟೆ ಇಷ್ಟು ವಿಶಾಲವಾಗಿದೆಯೆಂದು ತರಬೇತಿಯಲ್ಲಿ ಹೇಳಬಾರದಿತ್ತೇ?

ಸೊಪ್ಪಿನಾಕೆ ಈ ಸುದ್ದಿಯನ್ನು ಅತ್ತೆಗೆ ತಲುಪಿಸಿ ಪುಣ್ಯ ಕಟ್ಟಿಕೊಂಡಳು. ಮಂಡಿನೋವು ಅವತ್ತೇ ವಾಸಿಯಾಯಿತು. ಮರುದಿನ ರೈಲು ಹೊರಡುತ್ತಿದ್ದಂತೆ ಅತ್ತೆ ಎದ್ದು ನಿಂತರು.

"ಚೆನ್ನಾಗೈತೆ ಅಂತ ಬಾಯ್ಬುಟ್ಟು ಹೇಳ್ಬೇಕಿತ್ತೇನೇ? ತಟ್ಟೆ ಬಳ್ಕಂಡು ತಿಂತಿರ್ಲಿಲ್ವಾ?"

"ಜೊತೆಗೆ ಕೂತ್ಕೋ ಅಂತ ನೀವು ಒಂದು ದಿನ ಕರೆದಿದ್ದೀರಾ?"

"ನಾನ್ ಸೊಸೆಯಾಗಿ ಬಂದಾಗ ನನ್ನ ಯಾರು ಕರೆದಿದ್ರು?"

ಇಡೀ ಬೋಗಿ ಎರಡು ಪಕ್ಷವಾಯಿತು. ಒಂದು ಕಡೆಯವರು ಅತ್ತೆಯ ಪರವಾಗಿ, ಇನ್ನೊಂದು ಕಡೆಯವರು ನನ್ನ ಪರವಾಗಿ ಸರ ಕೊಂಡರು. ನಮ್ಮಿಬ್ಬರಿಗೂ ಕಣ್ಣಲ್ಲಿ ನೀರಿತ್ತು. ಚಿಲ್ಲರೆ ಕೊಡುವುದನ್ನು ಮಾತ್ರ ಇಬ್ಬರೂ ಮರೆಯಲಿಲ್ಲ.

ಮಾರನೆಯ ಮಧ್ಯಾಹ್ನ ಊಟಕ್ಕೆ ಅತ್ತೆ ನನಗೂ ಒಂದು ತಟ್ಟೆ ಹಾಕಿದ್ದರು. ಕೂತೆ. ಇಬ್ಬರೂ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದೆವು. ಕೊನೆಗೆ ಅವರು ಕೋರ್ಟಿನಲ್ಲಿ ಸಾಕ್ಷಿ ಹೇಳುವವರಂತೆ, "ಸಾರು ಚೆನ್ನಾಗೈತೆ," ಎಂದರು. ಅದಕ್ಕೆ ಉಪ್ಪು ಹಾಕುವುದನ್ನೇ ನಾನು ಮರೆತಿದ್ದೆ.

ಕೆಲವು ತಿಂಗಳಾದ ಮೇಲೆ ಬೆಂಗಳೂರಿನ ಒಂದು ಅಂಗಡಿಯವರು ನಾನು ಮಾಡಿದ್ದನ್ನೆಲ್ಲ ತಾವೇ ಕೊಳ್ಳುವುದಾಗಿ ಒಪ್ಪಿಕೊಂಡರು. ಬಸ್ಸು ಅಂಗಡಿಯ ಬಾಗಿಲಲ್ಲೇ ನಿಲ್ಲುತ್ತಿತ್ತು. ಯಾರನ್ನೂ ಬೈಯಬೇಕಾಗಿರಲಿಲ್ಲ. ಅತ್ತೆ ಒಂದು ಸಲ ಮಾತ್ರ ಜೊತೆಗೆ ಬಂದರು. ಅಂಗಡಿಯವರು ಚೀಲ ತೆಗೆದುಕೊಂಡು, ಸರಗಳನ್ನು ನೋಡಿ, ನಗುತ್ತಾ ಕಾಫಿ ಕೊಟ್ಟರು.

"ಏನ್ ವ್ಯಾಪಾರಾನಮ್ಮಿ ಇದು," ಎಂದರು ಅತ್ತೆ ಹೊರಗೆ ಬಂದು. "ನಮ್ಮನೆ ವಿಷ್ಯ ಒಂದೂ ಕೇಳ್ಲಿಲ್ವಲ್ಲ."

ಆಮೇಲೆ ನಾನು ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅತ್ತೆ ಪ್ಯಾಸೆಂಜರ್ ಗಾಡಿಯ ಹೆಂಗಸರ ಬೋಗಿಯಲ್ಲಿ ಮಾತಾಡುತ್ತಾ ರಾಮನಗರದವರೆಗೆ ಹೋಗಿ, ಅಲ್ಲಿಂದ ಬರುವ ಗಾಡಿ ಹತ್ತಿ ವಾಪಸಾಗುತ್ತಿದ್ದರು, ಬರಿಗೈಯಲ್ಲಿ.