ಕಣ ಬಲ್ಲ ಅಂಗಾಲು

ನಮ್ಮಪ್ಪನ ಅಂಗಾಲಿಗೆ ಕಂಪ್ಲಿಯಲ್ಲಿ ದೊಡ್ಡ ಹೆಸರಿತ್ತು. ಬೇರೆಯವರ ಅಪ್ಪಂದಿರು ಕೈಗುಣಕ್ಕೋ ಬಾಯಿಮಾತಿಗೋ ಹೆಸರಾಗಿದ್ದರೆ ನಮ್ಮಪ್ಪ ಅಂಗಾಲಿಗೆ ಹೆಸರಾಗಿದ್ದ. ನಮ್ಮದು ಅಕ್ಕಿ ಗಿರಣಿ. ಕುದಿಸಿದ ಭತ್ತವನ್ನು ಸಿಮೆಂಟಿನ ಕಣದಲ್ಲಿ ಹರವಿ ಒಣಗಿಸಿ ಆಮೇಲೆ ಗಿರಣಿಗೆ ಹಾಕುವುದು ಪದ್ಧತಿ. ಒಣಗಿದ್ದು ಸಾಲದಿದ್ದರೆ ಅಕ್ಕಿಗೆ ಮುಗ್ಗಲು ವಾಸನೆ ಹಿಡಿಯುತ್ತದೆ, ಹೆಚ್ಚಾದರೆ ನುಚ್ಚಾಗುತ್ತದೆ. ನಡುವಿನ ಹದ ಕಂಡುಹಿಡಿಯಲು ಉಳಿದ ಗಿರಣಿಯವರು ಕಾಳು ಕಡಿದು ನೋಡುತ್ತಿದ್ದರು. ನಮ್ಮಪ್ಪ ಪಂಚೆ ಎತ್ತಿ ಕಟ್ಟಿ ಬರಿಗಾಲಲ್ಲಿ ಭತ್ತದೊಳಗೆ ನಾಲ್ಕು ಹೆಜ್ಜೆ ಹಾಕಿ, ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು, “ತುಂಬ್ರಿ” ಎನ್ನುತ್ತಿದ್ದ. ಇಲ್ಲವೇ “ಇನ್ನೊಂದು ತಾಸು” ಎನ್ನುತ್ತಿದ್ದ. ಅಷ್ಟೇ. ಅದರ ಮೇಲೆ ಅಪೀಲಿರಲಿಲ್ಲ. ತೇವ ಅಳೆಯುವ ಮಷಿನ್ನೂ ಒಂದು ಬಂದಿತ್ತು. “ಅದಕ್ಕ ಮೊದಲು ಕಾಲು ಹಚ್ಚಿಸಿಕೊಂಡು ಬರ್ರಿ” ಎಂದು ಅಪ್ಪ ಅದನ್ನು ಡಬ್ಬಿಯಿಂದ ಹೊರಗೇ ತೆಗೆಸಲಿಲ್ಲ.

ಕಣಕ್ಕೆ ಚಪ್ಪಲಿ ಹಾಕಿಕೊಂಡು ಯಾರೂ ಇಳಿಯುವಂತಿರಲಿಲ್ಲ. ಉಣ್ಣುವ ಅನ್ನ, ಲಕ್ಷ್ಮಿ, ಅದನ್ನು ಮೆಟ್ಟಿನಿಂದ ತುಳಿಯುವುದುಂಟೇ? ಮದುವೆಯಾದ ಹೊಸತರಲ್ಲಿ ನನ್ನ ಗಂಡ ಗಿರಣಿ ನೋಡುವ ಉತ್ಸಾಹದಲ್ಲಿ ಮದುವೆಯ ಹೊಸ ಬೂಟು ಹಾಕಿಕೊಂಡೇ ಕಣಕ್ಕೆ ಕಾಲಿಟ್ಟಿದ್ದರು. ಅಪ್ಪ ಅಳಿಯ ಗಿಳಿಯ ಎಂದು ನೋಡದೆ, ಆಳುಗಳೆಲ್ಲರ ಮುಂದೆ, “ಏ, ನಡಿ ಹೊರಗ!” ಎಂದು ಗದರಿದ. ಆ ಮಾತನ್ನು ನಮ್ಮ ಮನೆಯವರು ಇವತ್ತಿಗೂ ಮರೆತಿಲ್ಲ. ನಾನು ಜಗಳದಲ್ಲಿ ಗೆಲ್ಲುವ ಹಂತಕ್ಕೆ ಬಂದಾಗಲೆಲ್ಲ ಅದನ್ನು ತೆಗೆಯುತ್ತಾರೆ.

ಅರವತ್ತೈದು ದಾಟಿದ ಮೇಲೆ ಅಪ್ಪನ ಅಂಗಾಲಿಗೆ ಹೊಸದೊಂದು ಕೀರ್ತಿ ಸೇರಿಕೊಂಡಿತು. ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ಕಣ ಕಾದು ಹಂಚಾಗಿ, ಆಳುಗಳು ಕುಣಿಯುತ್ತಾ ನೆರಳಿಗೆ ಓಡುವಾಗ ಅಪ್ಪ ಮಾತ್ರ ತೋಟದಲ್ಲಿ ಅಡ್ಡಾಡುವವನ ಹಾಗೆ ಅದರ ಮೇಲೆ ನಿಧಾನವಾಗಿ ಓಡಾಡುತ್ತಿದ್ದ. “ವಯಸ್ಸಾದಂಗ ಅಂಗಾಲು ಗಟ್ಟಿ ಆಗ್ತತಿ” ಎನ್ನುತ್ತಿದ್ದ. ನಾವು ಹಿಗ್ಗಿದೆವು. ಬಂದ ನೆಂಟರನ್ನು ಅವ್ವ ಕಣದ ಹತ್ತಿರ ಕರೆದೊಯ್ದು ತೋರಿಸುತ್ತಿದ್ದಳು. ನಾನು ಹೊಸಪೇಟೆಯಲ್ಲಿ ತುಂಗಭದ್ರಾ ಡ್ಯಾಂನ ಕಚೇರಿಯಲ್ಲಿ ಟೈಪಿಸ್ಟಾಗಿದ್ದೆ. ಅಲ್ಲಿ ಊಟದ ಡಬ್ಬಿ ಬಿಚ್ಚಿದಾಗಲೆಲ್ಲ ಅಪ್ಪನ ಅಂಗಾಲಿನ ಕಥೆಯನ್ನೂ ಬಿಚ್ಚುತ್ತಿದ್ದೆ. ರೋಗವನ್ನು ಪವಾಡವೆಂದು ಊರೆಲ್ಲ ಸಾರಿಕೊಂಡು ಬಂದ ನಮ್ಮಷ್ಟು ಜಾಣರು ಇನ್ನೊಬ್ಬರಿರಲಿಕ್ಕಿಲ್ಲ. ಈಗ ನೆನೆದರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳುವಂತಾಗುತ್ತದೆ.

ಆ ವರ್ಷವೇ ಗಿರಣಿಯಲ್ಲಿ ಒಂದು ಸಲದ ಭತ್ತ ಕೆಟ್ಟಿತು. ಅಪ್ಪ “ತುಂಬ್ರಿ” ಎಂದಿದ್ದ, ತುಂಬಿದ್ದರು. ಮುಟ್ಟಿದರೆ ಇನ್ನೂ ಹಸಿ! ಅಕ್ಕಿ ಹಳದಿ ತಿರುಗಿ ವಾಸನೆ ಹಿಡಿಯಿತು. ಅಪ್ಪ ಮೊದಲು ಭತ್ತ ಕುದಿಸುವವನನ್ನು ಬೈದ, ಆಮೇಲೆ ಮೋಡವನ್ನು ಬೈದ, ಕೊನೆಗೆ ಸಂಡೂರಿನ ಗಣಿಗಳನ್ನು ಹಿಡಿದ. “ಆ ಧೂಳು ಬಿಸಿಲನ್ನ ತಿಂದು ಹಾಕೇತಿ.” ಅದಿರಿನ ಲಾರಿಗಳ ಕಾಲ ಅದು. ಕೆಮ್ಮು ಬಂದರೆ, ಕೂದಲು ಉದುರಿದರೆ, ಹುಡುಗಿಗೆ ಗಂಡು ಒಪ್ಪದಿದ್ದರೆ, ಎಲ್ಲಕ್ಕೂ ಆ ಕೆಂಪು ಧೂಳೇ ಕಾರಣವೆಂದರೆ ನಮ್ಮ ಕಡೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಹೀಗಾಗಿ ಅಪ್ಪನ ಮಾತೂ ನಡೆದುಹೋಯಿತು.

ನನಗಂತೂ ಆ ಧೂಳು ಜನ್ಮಾಂತರದ ವೈರಿ. ಹೊಸಪೇಟೆಯಲ್ಲಿ ನಮ್ಮ ಮನೆಯಿದ್ದದ್ದು ಲಾರಿಗಳು ಹೋಗುವ ರಸ್ತೆಯ ಮಗ್ಗುಲಲ್ಲೇ. ಬೆಳಿಗ್ಗೆ ಒರೆಸಿದ ನೆಲ ಮಧ್ಯಾಹ್ನಕ್ಕೆ ಕುಂಕುಮ ಚೆಲ್ಲಿದಂತಿರುತ್ತಿತ್ತು. ದಿನಕ್ಕೆ ಮೂರು ಸಲ ಒರೆಸುತ್ತಿದ್ದೆ, ಒರೆಸುವಾಗ ಒಂದೊಂದು ಲಾರಿಗೂ ಬೇರೆ ಬೇರೆ ಶಾಪ ಹಾಕುತ್ತಿದ್ದೆ. ಆದರೆ ನಮ್ಮಪ್ಪನನ್ನು ಉಳಿಸಿದ್ದು ಆ ಧೂಳೇ. ಒಪ್ಪಿಕೊಳ್ಳಲು ನನಗೆ ಇಷ್ಟವಿಲ್ಲ, ಆದರೂ ಖರೆ.

ಅದೊಂದು ಶನಿವಾರ ಅಪ್ಪ ಕಂಪ್ಲಿ ಬಸ್ಸಿನಲ್ಲಿ ಬಂದಿಳಿದು ನಮ್ಮ ಮನೆಗೆ ಬಂದ. ಅಡಿಗೆಮನೆಯಿಂದ ನೀರು ತಂದವಳು ನೆಲ ನೋಡಿ ಅಲ್ಲೇ ನಿಂತೆ. ಕೆಂಪು ಧೂಳಿನ ಮೇಲೆ ಬಾಗಿಲಿನಿಂದ ಕುರ್ಚಿಯವರೆಗೆ ಹೆಜ್ಜೆ ಮೂಡಿದ್ದವು. ಬಲಗಡೆಯದು ಚಪ್ಪಲಿಯ ಗೆರೆ ಗೆರೆ ಗುರುತು. ಎಡಗಡೆಯದು ಐದು ಬೆರಳಿನ ಬರಿಯ ಪಾದ.

“ಅಪ್ಪ, ಇನ್ನೊಂದು ಚಪ್ಪಲಿ ಎಲ್ಲಿ?”

“ಕಾಲಾಗೈತಿ.”

“ಕಾಲಾಗ ಇಲ್ಲ.”

“ಐತಿ ಅಂದ್ರ ಐತಿ. ಚಪ್ಪಲಿ ಹಾಕ್ಕೊಂಡ ಒಳಗ ಬಂದಾನ ಅಂತ ಬಯ್ಯಾಕ ನೆವ ಹುಡುಕ್ಬ್ಯಾಡ ನೀನು.”

“ಕೆಳಗ ನೋಡ್ರಿ!”

ಅಪ್ಪ ಕೆಳಗೆ ನೋಡಿದ. ಬಹಳ ಹೊತ್ತು ನೋಡಿದ. ಬಸ್ಸಿನಲ್ಲಿ ಸೀಟಿನ ಕೆಳಗೆ ಚಪ್ಪಲಿ ಬಿಚ್ಚಿ ಕೂತವನು ಇಳಿಯುವಾಗ ಒಂದನ್ನೇ ಮೆಟ್ಟಿ ಇಳಿದಿದ್ದ. ಬಸ್ ನಿಲ್ದಾಣದಿಂದ ನಮ್ಮ ಮನೆಯವರೆಗೆ ಒಂದು ಮೈಲಿ ನಡೆದಿದ್ದ. ಗೊತ್ತೇ ಆಗಿರಲಿಲ್ಲ! ನನಗೆ ನಗು ತಡೆಯಲಾಗಲಿಲ್ಲ. ಅಪ್ಪನಿಗೂ ನಗು ಬಂತು. ನಗುನಗುತ್ತಲೇ ಬಟ್ಟೆ ತಂದು ನೆಲ ಒರೆಸಲು ಕೂತೆ. ಎಡ ಪಾದದ ಗುರುತಿನಲ್ಲಿ, ಹಿಮ್ಮಡಿಯ ಹತ್ತಿರ, ಒಂದೊಂದು ಹೆಜ್ಜೆಗೂ ಕಾಸಿನಗಲ ಹಸಿ ಕಂಡಿತು. ನೀರೆಂದುಕೊಂಡೆ. ಒರೆಸಿದರೆ ಬಟ್ಟೆಯಲ್ಲಿ ರಕ್ತ.

ಕಾಲು ಎತ್ತಿಸಿ ನೋಡಿದೆ. ಹೆಬ್ಬೆರಳಿನುದ್ದದ ಜಾಲಿ ಮುಳ್ಳು ಮುರಿದು ಒಳಗೇ ಕೂತಿತ್ತು. ಹತ್ತಿರದ ದಾರಿಯೆಂದು ಖಾಲಿ ಜಾಗದ ಜಾಲಿಗಿಡಗಳ ನಡುವೆ ಬಂದಿದ್ದನಂತೆ. “ನೋವಾಗೂದಿಲ್ಲೇನು?” ಎಂದೆ. “ಏನ್ ನೋವು?” ಎಂದ. ಆ ಎರಡು ಮಾತಿಗೆ ನನ್ನ ನಗು ಎಲ್ಲಿ ಹೋಯಿತೋ. ಅಷ್ಟು ಹೆದರಿದ್ದು ನಾನು ಅದಕ್ಕೆ ಮೊದಲು ಇಲ್ಲ.

ಹೊಸಪೇಟೆಯಲ್ಲಿ ನಾವು ತೋರಿಸುತ್ತಿದ್ದ ಡಾಕ್ಟರಮ್ಮ ವಯಸ್ಸಾದವರು, ಬಾಯಿ ಜೋರು. ಮುಳ್ಳು ತೆಗೆದು ಪಟ್ಟಿ ಕಟ್ಟಿ, ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದ ಮೇಲೆ ಅಪ್ಪನನ್ನು ಮಂಚದ ಮೇಲೆ ಮಲಗಿಸಿ ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದರು. ಆಮೇಲೆ ಮೀನು ಹಿಡಿಯುವ ದಾರದಂಥ ಸಣ್ಣದೊಂದು ಎಳೆ ತೆಗೆದರು. “ಕಣ್ ಮುಚ್ಚ್ರಿ ಯಜಮಾನ್ರ. ಇದು ಕಾಲಿಗೆ ತಾಗಿದಾಗ ಹೂಂ ಅನ್ರಿ.”

ಅಪ್ಪ ಕಣ್ಣು ಮುಚ್ಚಿದ. “ಹೂಂ,” ಎಂದ. ಸ್ವಲ್ಪ ತಡೆದು, “ಹೂಂ.” ಮತ್ತೆ ಸ್ವಲ್ಪ ತಡೆದು, “ಹೂಂ.”

“ಭಾಳ ಚಲೋ. ನಾನಿನ್ನೂ ಮುಟ್ಟೇ ಇಲ್ಲ.”

“ಮುಟ್ಟಾಕತ್ತಿದ್ರಿ ಅಂತ ಅಂದೆ,” ಎಂದ ಅಪ್ಪ ಕಣ್ಣು ತೆರೆಯದೆ.

ಡಾಕ್ಟರಮ್ಮ ನಕ್ಕರು. ನಕ್ಕು ಮುಗಿದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಕೂತು ಹೇಳಿದರು. “ನಿಮ್ಮ ಅಂಗಾಲು ಗಟ್ಟಿ ಆಗಿಲ್ರಿ, ಕಿವುಡಾಗೇತಿ. ಶುಗರ್ ಎಷ್ಟು ವರ್ಷದಿಂದ ಐತೋ ಏನೋ. ಜನ ಮುಖ ನೋಡಿ ಮಣಿ ಹಾಕ್ತಾರ, ನಾನು ಕಾಲು ನೋಡ್ತೀನಿ. ಕಾಲಿನ ಸುದ್ದಿ ಕಾಲಾಗ ಮುಗಿಯೂದಿಲ್ಲ. ಕಣ್ಣು, ಕಿಡ್ನಿ, ಹಾರ್ಟು ಎಲ್ಲಾ ತೋರಿಸ್ಬೇಕು. ಈ ಮುಳ್ಳು ಇನ್ನ ಹದಿನೈದು ದಿನ ಅಲ್ಲೇ ಕೂತು ಕೀವಾಗಿದ್ರ, ಪಾದ ಉಳಿಸೂದು ಕಷ್ಟ ಇತ್ತು.” ಗುಳಿಗೆ ಬರೆದರು. ದಿನಾ ಅಂಗಾಲು ನೋಡಿಕೊಳ್ಳಬೇಕು, ಬೆರಳ ಸಂದಿ ಒರೆಸಬೇಕು, ಬಿಸಿನೀರಿನಲ್ಲಿ ಕಾಲಿಡಬಾರದು ಎಂದರು. ಕೊನೆಗೆ, “ಇನ್ನ ಬರಿಗಾಲಾಗ ಒಂದು ಹೆಜ್ಜಿ ಇಡಬಾರದು. ಮನಿಯಾಗೂ, ಗಿರಣ್ಯಾಗೂ.”

ಅಲ್ಲಿಯವರೆಗೆ ತಲೆಯಾಡಿಸುತ್ತಿದ್ದ ಅಪ್ಪ ಕೊನೆಯ ಮಾತಿಗೆ ತಲೆಯಾಡಿಸಲಿಲ್ಲ.

ಬಸ್ಸಿನಲ್ಲಿ ಉಳಿದ ಚಪ್ಪಲಿ ಕಂಪ್ಲಿಗೂ ಹೊಸಪೇಟೆಗೂ ಎರಡು ದಿನ ಓಡಾಡಿ, ಪರಿಚಯದ ಕಂಡಕ್ಟರನ ಕೈಯಲ್ಲಿ ಮೂರನೆಯ ದಿನ ವಾಪಸು ಬಂತು. ಅದರಿಂದ ಪ್ರಯೋಜನವಿರಲಿಲ್ಲ. ಅಷ್ಟರಲ್ಲಿ ಅಪ್ಪನಿಗೆ ಮೆತ್ತನೆಯ ತಳದ ಕರಿ ಬೂಟು ಕೊಡಿಸಿದ್ದೆ. ಕಂಪ್ಲಿ ಮನೆಯಲ್ಲಿ ಅವ್ವ ದಿನಾ ಸಂಜೆ ನೆಲದ ಮೇಲೆ ಕನ್ನಡಿಯಿಟ್ಟು ಅಂಗಾಲು ತೋರಿಸತೊಡಗಿದಳು. “ಮದಿವಿ ದಿನಾನೂ ನಿಮ್ಮಪ್ಪ ಇಷ್ಟೊತ್ತು ಕನ್ನಡಿ ನೋಡಿದ್ದಿಲ್ಲ” ಎಂದು ಫೋನಿನಲ್ಲಿ ಹೇಳಿ ನಗುತ್ತಿದ್ದಳು.

ಆದರೆ ಕಣ? ಬೂಟು ಹಾಕಿಕೊಂಡು ಕಣಕ್ಕೆ ಇಳಿಯುವುದು ಅಪ್ಪನಿಂದ ಸಾಧ್ಯವಿರಲಿಲ್ಲ. ಬರಿಗಾಲಲ್ಲಿ ಇಳಿದರೆ ಪಾದಕ್ಕೇ ಸಂಚಕಾರ. ಒಂದು ವಾರ ಕಣದ ಅಂಚಿನಲ್ಲಿ ನಿಂತು ನಿಂತು ವಾಪಸು ಬಂದ. ಅವ್ವನಿಗೆ ದಿಗಿಲು. “ಇವತ್ತಿಲ್ಲ ನಾಳಿ ಇಳೀತಾನ ನಿಮ್ಮಪ್ಪ. ನೀ ಬಾ.”

ಭಾನುವಾರ ಹೋದೆ. ನಾನು ಗಿರಣಿಯ ಗೇಟು ದಾಟುವುದಕ್ಕೂ ಅಪ್ಪ ಕಣದ ಅಂಚಿನಲ್ಲಿ ಬೂಟು ಬಿಚ್ಚುವುದಕ್ಕೂ ಸರಿಹೋಯಿತು. ನಾನು ಕೂಗುವುದರೊಳಗೆ ಯಾರೋ ಭತ್ತ ಎಳೆಯುವ ಮರದ ಹಲಗೆಯನ್ನು ಅಪ್ಪನ ಮುಂದೆ ಅಡ್ಡ ಹಿಡಿದರು. ನೋಡಿದರೆ ದೊಡ್ಡಕ್ಕ. ಕಣದ ಹೆಣ್ಣಾಳುಗಳಿಗೆಲ್ಲ ಹಿರಿಯಳು. ಬಂಡ್ರಿಯಿಂದ ಕಂಪ್ಲಿಗೆ ಸೊಸೆಯಾಗಿ ಬಂದಾಗಿನಿಂದ ನಲವತ್ತು ವರ್ಷ ನಮ್ಮ ಕಣದಲ್ಲೇ ದುಡಿದವಳು. ಅಪ್ಪನ ಎದುರು ಗಟ್ಟಿಯಾಗಿ ಮಾತಾಡಿದ್ದನ್ನೇ ನಾನು ಕೇಳಿರಲಿಲ್ಲ.

“ಬ್ಯಾಡ್ರಿ ಸಾವ್ಕಾರ.”

“ಸರಿ ಅತ್ತಾಗ. ನಾನು ನೋಡ್ದಿದ್ರ ನೆಲ್ಲು ಯಾರು ನೋಡ್ತಾರ?”

“ವರ್ಷ ಆತು, ನಾನ ನೋಡಾಕತ್ತೀನಿ.”

ಅಪ್ಪನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ದೊಡ್ಡಕ್ಕ ಹಲಗೆ ಕೆಳಗಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು. ವರ್ಷದಿಂದ ಅಪ್ಪ “ತುಂಬ್ರಿ” ಎಂದಾಗ ಎಷ್ಟೋ ಸಲ ಭತ್ತ ಹಸಿ ಇರುತ್ತಿತ್ತು. ಅಪ್ಪ ಬೆನ್ನು ತಿರುಗಿಸಿದ ಮೇಲೆ ತಾನು ಅದರಲ್ಲಿ ನಡೆದು ನೋಡಿ, ತನ್ನ ಕಾಲು ಒಪ್ಪಿದ ಮೇಲೆಯೇ ಚೀಲಕ್ಕೆ ತುಂಬಿಸುತ್ತಿದ್ದಳು. ಕೆಟ್ಟುಹೋದ ಆ ಒಂದು ಸಲ ತಮ್ಮನ ಮಗಳ ಮದುವೆಗೆ ಬಂಡ್ರಿಗೆ ಹೋಗಿದ್ದಳು. ಅಷ್ಟೇ. ಬೈಸಿಕೊಂಡ ಮೋಡ, ಗಣಿ, ಭತ್ತ ಕುದಿಸುವವ, ಎಲ್ಲರೂ ನಿರಪರಾಧಿಗಳು.

“ಮತ್ತ ನನಗ ಯಾಕ ಹೇಳ್ಲಿಲ್ಲ?”

“ನಿಮ್ಮ ಕಾಲಿಗೆ ಯಾರು ಎದುರ ಮಾತಾಡ್ತಾರ್ರಿ? ವಯಸ್ಸಾತು, ಸಾವ್ಕಾರ್ರ ಮರ್ಯಾದಿ ಉಳೀಲಿ ಅಂತ ಸುಮ್ನಿದ್ದೆ. ಹಿಂಗ ರೋಗ ಅಂತ ಗೊತ್ತಿದ್ರ ಅವತ್ತ ಹೇಳ್ತಿದ್ದೆ.” ಹೇಳುತ್ತಾ ಅವಳಿಗೆ ಅಳು ಬಂತು. ನನಗೂ ಬಂತು. ನಾವು ಹೆಮ್ಮೆಯಿಂದ ಮುಚ್ಚಿದ್ದನ್ನೇ ಅವಳು ಮರ್ಯಾದೆಯಿಂದ ಮುಚ್ಚಿದ್ದಳು.

ಅಪ್ಪ ಕೆಂಪಗಾದ. ಈಗ ಸಿಡಿಯುತ್ತಾನೆ ಎಂದುಕೊಂಡೆ. ಅವನು ಕಟ್ಟೆಯ ಮೇಲೆ ಕೂತು, ಬಿಚ್ಚಿದ್ದ ಬೂಟನ್ನು ಒಂದೊಂದಾಗಿ ಮತ್ತೆ ಹಾಕಿಕೊಂಡ. ಲೇಸು ಕಟ್ಟಿದ. ಆಮೇಲೆ ತಲೆಯೆತ್ತಿ ಕೇಳಿದ. “ಈಗ ಏನಂತತಿ ನಿನ್ನ ಕಾಲು?”

ದೊಡ್ಡಕ್ಕ ನಾಲ್ಕು ಹೆಜ್ಜೆ ನಡೆದು ನಿಂತಳು. “ಇನ್ನೊಂದು ತಾಸು ಬೇಕ್ರಿ.”

“ಆತು. ಒಂದು ತಾಸು.” ಅಪ್ಪನ ಮಾತಿನ ಮೇಲೆ ಅಪೀಲು ನಡೆದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಒಂದು ತಾಸಿಗೆ ಸರಿಯಾಗಿ ಅವಳು “ತುಂಬ್ರಿ” ಎಂದಳು, ಎಲ್ಲರೂ ತುಂಬಿದರು.

ಮರುವಾರ ಅಪ್ಪ ದೊಡ್ಡಕ್ಕನನ್ನು ಹೊಸಪೇಟೆಗೆ ಕರೆದುಕೊಂಡು ಬಂದ. “ಗಿರಣಿ ಎಲ್ಲಾ ಇಕಿ ಕಾಲಿನ ಮ್ಯಾಲ ನಿಂತೈತಿ. ಮೊದಲು ಇಕಿ ಕಾಲು ನೋಡ್ರಿ” ಎಂದು ಡಾಕ್ಟರಮ್ಮನಿಗೆ ಹೇಳಿದ. ದೊಡ್ಡಕ್ಕ ಮಂಚದ ಮೇಲೆ ನಾಚಿ ಮುದುಡಿ ಮಲಗಿದಳು. ಬಿರುಕು ಬಿಟ್ಟ, ಬಿಸಿಲಿಗೆ ಸುಟ್ಟ ಪಾದ. ಡಾಕ್ಟರಮ್ಮ ಅದೇ ಎಳೆ ತೆಗೆದು ಅಂಗಾಲಿನ ನಡುವೆ ತಾಗಿಸಿದರು.

ದೊಡ್ಡಕ್ಕ ಹೂಂ ಎನ್ನಲಿಲ್ಲ. ಕಿಸಕ್ಕನೆ ನಕ್ಕು ಕಾಲೆಳೆದುಕೊಂಡಳು. ಮತ್ತೆ ತಾಗಿಸಿದರು, ಮತ್ತೆ ನಕ್ಕಳು. ಅರವತ್ತು ವರ್ಷದ ಹೆಂಗಸು ಬಾಯಿಗೆ ಸೆರಗು ತುರುಕಿಕೊಂಡು ಕಚಗುಳಿಗೆ ಒದ್ದಾಡುವುದನ್ನು ಕಂಡು ನಾನೂ ಡಾಕ್ಟರಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಪ್ಪ ನಗಲಿಲ್ಲ. ಅವಳ ಪಾದವನ್ನೇ ನೋಡುತ್ತಿದ್ದ. “ಅಷ್ಟು ಸಣ್ಣ ಎಳಿ ಗೊತ್ತಾತೇನು?” ಎಂದು ಮೆಲ್ಲಗೆ ಕೇಳಿದ.

ದೊಡ್ಡಕ್ಕ ಇಳಿದ ಮೇಲೆ ಅಪ್ಪ ತಾನೇ ಹೋಗಿ ಮಂಚದ ಮೇಲೆ ಮಲಗಿದ. “ನನಗ ಇನ್ನೊಮ್ಮೆ ನೋಡ್ರಿ,” ಎಂದು ಕಣ್ಣು ಮುಚ್ಚಿದ. ಡಾಕ್ಟರಮ್ಮ ಬೆರಳಿಗೆ ತಾಗಿಸಿದರು, ಅಂಗಾಲಿಗೆ ತಾಗಿಸಿದರು, ಹಿಮ್ಮಡಿಗೆ ತಾಗಿಸಿದರು. ಅಪ್ಪ ಸುಮ್ಮನಿದ್ದ. ಪಾದದ ಅಂಚಿನಲ್ಲಿ ಒಮ್ಮೆ “ಹೂಂ” ಎಂದ. ಮತ್ತೆ ಬಹಳ ಹೊತ್ತು ಸುಮ್ಮನಿದ್ದ. ಎಲ್ಲ ಮುಗಿಯುವ ಹೊತ್ತಿಗೆ ಒಟ್ಟು ಮೂರು ಸಲ ಹೂಂ ಎಂದಿದ್ದ. ಮೂರೂ ಸಲ ಎಳೆ ನಿಜಕ್ಕೂ ತಾಗಿತ್ತು.

“ಮೂರ,” ಎಂದ ಕಣ್ಣು ತೆರೆದು. “ಖರೆ ಹೇಳೀನಿ.”

“ಮೂರು ಉಳದಾವಲ್ಲ,” ಎಂದರು ಡಾಕ್ಟರಮ್ಮ, “ಅವನ್ನ ಜ್ವಾಪಾನ ಮಾಡೂಣು.”

ಹೊರಡುವಾಗ ಅಪ್ಪ ಬಾಗಿಲ ಬಳಿ ಬೂಟು ಕೊಡವಿ ಹಾಕಿಕೊಂಡ. ಆ ಕೋಣೆಯ ಹೊರಗೆ ಅವತ್ತು ಬೆಂಚಿನ ಮೇಲೆ ಅಪ್ಪನ ವಯಸ್ಸಿನವರೊಬ್ಬರು ಕೂತಿದ್ದರು. ಒಂದು ಕಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಅಪ್ಪ ಅವರಿಗೆ ಕೈಮುಗಿದ. ರಸ್ತೆಗಿಳಿಯುವ ಮೊದಲು ಬಗ್ಗಿ ತನ್ನ ಪಾದಗಳನ್ನು ನೋಡಿಕೊಂಡ.

“ಎರಡೂ ಅದಾವ,” ಎಂದು ನನಗೆ ಹೇಳಿ, ದೊಡ್ಡಕ್ಕನ ಹಿಂದೆ ಬಸ್ಸಿನ ಕಡೆ ನಡೆದ.