ಗೂಡ್ಸ್ ಶೆಡ್ಡಿನಿಂದ ಸುಂಕದಕಟ್ಟೆಗೆ

ನಾನು ಕೆಲಸ ಮಾಡುತ್ತಿದ್ದ ರಾಜಾಜಿನಗರದ ಕಚೇರಿಯಲ್ಲಿ ಸರಕು ಸಾಗಣೆಯ ಯೋಜನೆಗಳನ್ನು ತಯಾರಿಸುತ್ತಿದ್ದೆವು. ಆ ವರ್ಷ ನನ್ನ ಪಾಲಿಗೆ ಬಂದದ್ದು ಸಿಮೆಂಟು. ದೂರದಿಂದ ಲಾರಿಯಲ್ಲೇ ಬರುತ್ತಿದ್ದ ಮೂಟೆಗಳನ್ನು ರೈಲಿನಲ್ಲಿ ಕೆಂಗೇರಿ ಕಡೆಯ ಗೂಡ್ಸ್ ಶೆಡ್ಡಿಗೆ ತಂದು, ಅಲ್ಲಿಂದ ಮಾತ್ರ ಲಾರಿಗೆ ಹೇರಿ ಸುಂಕದಕಟ್ಟೆಯ ಗೋಡೌನುಗಳಿಗೆ ಮುಟ್ಟಿಸಬೇಕಿತ್ತು. ಆ ಕೊನೆಯ ತುಂಡು ದಾರಿಯನ್ನು ಕಂಪ್ಯೂಟರಿನಲ್ಲಿ ನೋಡಿ ಗುರುತಿಸಿದವಳು ನಾನು.

ವರದಿ ಒಪ್ಪಿಸುವ ಮುಂಚೆ ಮೇಲಧಿಕಾರಿ, "ಒಂದ್ಸಲ ಲಾರೀಲಿ ಕೂತು ಹೋಗಿ ಬನ್ನಿ" ಎಂದರು.

ಲಾರಿ ಚಾಲಕರು ಸುಂಕದಕಟ್ಟೆಯವರೇ, ಐವತ್ತು ದಾಟಿದವರು. ಗೂಡ್ಸ್ ಶೆಡ್ಡಿನಲ್ಲಿ ಹಮಾಲರು ಮೂಟೆ ತುಂಬಿದ ಮೇಲೆ ಚಾಲಕರ ಪಕ್ಕ ಹತ್ತಿ ಕೂತು ನಕ್ಷೆ ತೋರಿಸಿದೆ.

"ಈ ದಾರೀಲಿ ನಾವು ಹೋಗಲ್ಲ ಮೇಡಂ."

"ಹತ್ತಿರ ಅಲ್ವಾ ಅಣ್ಣ? ಒಂದ್ಸಲ ನೋಡೋಣ."

"ನೋಡ್ಲೇಬೇಕು ಅಂದ್ರೆ ನಡೀರಿ."

ರೈಲ್ವೆ ಅಂಡರ್‌ಪಾಸಿನ ಮುಂದೆ ಕಬ್ಬಿಣದ ಅಡ್ಡಕಂಬಿ ಹಾಕಿದ್ದರು. ಲಾರಿಯ ಕ್ಯಾಬಿನ್ನೇ ಅದಕ್ಕಿಂತ ಎತ್ತರವಿತ್ತು. ಹಿಂದೆ ಆಟೋಗಳು, ಒಂದು ಸ್ಕೂಲ್ ವ್ಯಾನು ಬಂದು ನಿಂತು ಹಾರನ್ ಹೊಡೆಯತೊಡಗಿದವು.

"ಸ್ವಲ್ಪ ಇಳಿದು ಅವರನ್ನ ನಿಲ್ಸಿ ಮೇಡಂ. ರಿವರ್ಸ್ ತಗೋಬೇಕು."

ಇಳಿದು ರಸ್ತೆ ಮಧ್ಯೆ ಕೈ ಅಡ್ಡ ಹಿಡಿದು ನಿಂತೆ. ಸ್ಕೂಟರಿನಲ್ಲಿದ್ದ ಹೆಂಗಸೊಬ್ಬರು, "ಇಲ್ಲಿಗ್ಯಾಕ್ರೀ ಲಾರಿ ತಂದ್ರು?" ಎಂದು ಕೇಳಿದರು. "ನಾನೇ ಹೇಳಿದ್ದು" ಎಂದೆ. ಅವರು ಸ್ಕೂಟರನ್ನು ಹಿಂದಕ್ಕೆ ತಳ್ಳಿಕೊಂಡರು. ನನಗೆ ಮುಖ ಎತ್ತಲಾಗಲಿಲ್ಲ.

ಆಮೇಲೆ ಮೈಸೂರು ರಸ್ತೆಗೆ ಬಂದು, ನಾಯಂಡಹಳ್ಳಿಯಲ್ಲಿ ರಿಂಗ್ ರೋಡ್ ಹಿಡಿದು, ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಸೇರುವಾಗ ಊಟದ ಹೊತ್ತು ಮೀರಿತ್ತು. ಚಾಲಕರು ನನ್ನ ತಪ್ಪನ್ನು ಆಡಿಕೊಳ್ಳಲಿಲ್ಲ. ಲಾರಿ ಎಲ್ಲಿ ತಿರುಗುತ್ತದೆ, ಎಲ್ಲಿ ತಿರುಗುವುದಿಲ್ಲ ಎಂದು ದಾರಿಯುದ್ದಕ್ಕೂ ತೋರಿಸಿದರು. ಎಲ್ಲವನ್ನೂ ಬರೆದುಕೊಂಡೆ.

ಮರುದಿನ ಮೇಲಧಿಕಾರಿಗೆ ತಪ್ಪು ಒಪ್ಪಿಕೊಂಡೆ. ಅವರು ಬಯ್ಯಲಿಲ್ಲ, "ಗೋಡೌನನ್ನೇ ಹಳಿ ಪಕ್ಕಕ್ಕೆ ತಂದ್ರೆ?" ಎಂದರು. ಅಲ್ಲಿಂದ ಅಂಗಡಿಗಳಿಗೆ ಚಿಕ್ಕ ಗಾಡಿಗಳು ಸಾಕು, ಅವು ಅಂಡರ್‌ಪಾಸಿನಲ್ಲಿ ನುಗ್ಗುತ್ತವೆ. ವರದಿಯನ್ನು ಹಾಗೆ ತಿದ್ದಿದೆವು.

ಥ್ಯಾಂಕ್ಸ್ ಹೇಳೋಣವೆಂದು ಚಾಲಕರಿಗೆ ಫೋನ್ ಮಾಡಿ ಹೊಸ ಯೋಜನೆ ಹೇಳಿದಾಗ ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ನಮ್ಮ ಲಾರಿಗೆ ಕೆಲ್ಸ ಇರಲ್ಲ" ಎಂದರು.

ಅದು ನನಗೆ ಹೊಳೆದೇ ಇರಲಿಲ್ಲ. "ಈ ರೂಟಲ್ಲಿ ಇರಲ್ಲ ಅಣ್ಣ" ಎಂದೆ.

"ಯಾವಾಗಿಂದ?"

"ಇನ್ನೊಂದೆರಡು ವರ್ಷ ಆಗ್ಬಹುದು."

"ಸರಿ ಬಿಡಿ. ಅಷ್ಟರಲ್ಲಿ ಚಿಕ್ಕ ಗಾಡಿ ನೋಡ್ಕೋತೀನಿ."

ಈಗ ಲಾರಿ ಓಡಿಸುತ್ತಿರುವವರಿಗೇ ಚಿಕ್ಕ ಗಾಡಿಗಳ ಕೆಲಸ ಮೊದಲು ಕೊಡಬೇಕು ಎಂಬ ಒಂದು ಸಾಲನ್ನು ಮೇಲಧಿಕಾರಿಯನ್ನು ಕೇಳಿ ವರದಿಗೆ ಸೇರಿಸಿದೆ. ಯೋಜನೆಗೆ ಒಪ್ಪಿಗೆ ಸಿಕ್ಕಿತು. ಆ ಸಾಲು ಉಳಿಯಿತೋ ಇಲ್ಲವೋ, ನನಗೆ ತಿಳಿದುಬರಲಿಲ್ಲ.