ಚಿಂತಲ ಮೋರಿ

ನಾನು ಹುಟ್ಟಿದ್ದು ಮನೆಯಲ್ಲಲ್ಲ, ಆಸ್ಪತ್ರೆಯಲ್ಲೂ ಅಲ್ಲ. ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ ಎಲ್ಲೋ ಒಂದು ರೈಲು ಸೇತುವೆಯ ಕೆಳಗೆ. ಚೊಚ್ಚಲ ಹೆರಿಗೆಗೆ ಅಮ್ಮನನ್ನು ತವರಿಗೆ ಕರೆದೊಯ್ಯಲು ತಾತ ಮಂಡಿಕಲ್ ಕಡೆಯ ನಮ್ಮೂರಿಗೆ ಬಂದಿದ್ದರಂತೆ. ಚಿಕ್ಕಬಳ್ಳಾಪುರದಲ್ಲಿ ಇಬ್ಬರೂ ಚಿಕ್ಕ ರೈಲು ಹತ್ತಿದರು. ಎತ್ತಿನಗಾಡಿಗಿಂತ ತುಸು ಜೋರಾಗಿ ಹೋಗುತ್ತಿದ್ದ ನ್ಯಾರೋಗೇಜ್ ರೈಲು ಅದು. ಇನ್ನೂ ದಿನ ತುಂಬಿರಲಿಲ್ಲ. ಆದರೆ ಶಿಡ್ಲಘಟ್ಟ ದಾಟುತ್ತಿದ್ದಂತೆ ನೋವು ಕಾಣಿಸಿಕೊಂಡಿತು. ಡ್ರೈವರು ರೈಲು ನಿಲ್ಲಿಸಿದ. ಬೋಗಿಯಲ್ಲಿದ್ದ ಹೆಂಗಸರು ಅಮ್ಮನನ್ನು ಇಳಿಸಿ, ಸೇತುವೆಯ ನೆರಳಿನ ಒಣ ಮರಳಿನ ಮೇಲೆ ಮಲಗಿಸಿ, ಸೀರೆ ಅಡ್ಡ ಹಿಡಿದರು.

ಮನೆಯಲ್ಲಿ ಇದು ಎಲ್ಲರೂ ನಕ್ಕು ಹೇಳುವ ಕತೆಯಾಗಿತ್ತು. ಒಂದು ಕಡೆ ಕೂರಲಾರದ ನನ್ನನ್ನು ಕಂಡರೆ ಅಜ್ಜಿ, "ದಾರೀಲಿ ಹುಟ್ಟಿದೋಳು, ಕಾಲಿಗೆ ಚಕ್ರ ಕಟ್ಕೊಂಡೇ ಬಂದವಳೆ" ಅನ್ನುತ್ತಿದ್ದಳು. ಸೇತುವೆ ಯಾವುದು ಎಂದು ಕೇಳಿದರೆ ತಾತ, "ಅದೇ, ಚಿಂತಲ ಮೋರಿ" ಎನ್ನುತ್ತಿದ್ದರು. ಅಮ್ಮ ಮಾತ್ರ ಆ ಕತೆ ಬಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದಳು. ನಾಚಿಕೆ ಇರಬೇಕು ಅಂದುಕೊಂಡಿದ್ದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಗೌರಿಬಿದನೂರಿನಲ್ಲಿ ಟೀಚರಾಗಿದ್ದೆ. ತಾತ, ಅಜ್ಜಿ ಇಬ್ಬರೂ ತೀರಿಕೊಂಡಿದ್ದರು. ಚಿಕ್ಕ ರೈಲು ನಿಂತುಹೋಗಿ, ಹಳಿಗಳ ನಡುವೆ ಲಂಟಾನ ಬೆಳೆದಿತ್ತು. ಊರಿನಿಂದ ಅಮ್ಮ ನಮ್ಮ ಮನೆಗೆ ಬಂದು ನಾಲ್ಕು ದಿನ ಇದ್ದಳು. ಒಂದು ಸಂಜೆ ಊರಲ್ಲಿ ಬೇಸಾಯ ನೋಡಿಕೊಳ್ಳುತ್ತಿದ್ದ ತಮ್ಮ ಫೋನ್ ಮಾಡಿದಾಗ, ಮಾತಿನ ನಡುವೆ, ಬ್ರಾಡ್‌ಗೇಜ್ ಹಾಕಲು ಶಿಡ್ಲಘಟ್ಟದ ಕಡೆ ಹಳೇ ಸೇತುವೆಗಳನ್ನೆಲ್ಲ ಒಡೆಯುತ್ತಿದ್ದಾರೆ ಎಂದ. ನಾನು ಅದನ್ನೇ ಅಮ್ಮನಿಗೆ ಹೇಳಿದೆ. ಅವಳು ಮುದ್ದೆ ಮುರಿಯುತ್ತಿದ್ದವಳು ತಟ್ಟೆ ಸರಿಸಿ ಎದ್ದುಬಿಟ್ಟಳು.

ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವಳು ಸ್ನಾನ ಮಾಡಿ, ಚೀಲ ಹಿಡಿದು ಬಾಗಿಲಲ್ಲಿ ಕೂತಿದ್ದಳು.

"ನಡಿಯೇ, ಹೋಗಣ."

"ಎಲ್ಲಿಗಮ್ಮ?"

"ನೀನು ಹುಟ್ಟಿದ ಜಾಗಕ್ಕೆ."

"ಇವತ್ತೇ ಯಾಕೆ? ಸ್ಕೂಲಿದೆ ನನಗೆ."

"ರಜ ಹಾಕು. ನೀನು ಬರ್ದಿದ್ರೆ ನಾನೊಬ್ಳೇ ಹೋಗ್ತೀನಿ ಕಣೇ."

ನಾನು ಹುಟ್ಟಿ ಇಷ್ಟು ವರ್ಷ ಒಂದು ಸಲವೂ ಆ ಜಾಗದ ಹೆಸರೆತ್ತದವಳು ಹೀಗೆ ಹಟ ಹಿಡಿದಾಗ ನನಗೆ ರೇಗಿತು. ಆದರೂ ಹೊರಟೆ. ಮಂಚೇನಹಳ್ಳಿ ಮೇಲೆ ಚಿಕ್ಕಬಳ್ಳಾಪುರ, ಅಲ್ಲಿಂದ ಇನ್ನೊಂದು ಬಸ್ಸಿಗೆ ಶಿಡ್ಲಘಟ್ಟ. ದಾರಿಯುದ್ದಕ್ಕೂ ಅಮ್ಮ ಕಿಟಕಿಯ ಸರಳು ಹಿಡಿದು ಕೂತಿದ್ದಳು; ಬಸ್ಸು ನಿಂತಲ್ಲೆಲ್ಲ "ಇನ್ನೂ ಯಾಕೆ ನಿಲ್ಲಿಸವನೆ ಇವನು?" ಅನ್ನುತ್ತಿದ್ದಳು.

ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನನ್ನು ಚಿಂತಲ ಮೋರಿ ಎಲ್ಲಿ ಎಂದು ಕೇಳಿದೆ.

"ಚಿಂತಾಮಣಿ ಮೋರಿನಾ? ಚಿಂತಾಮಣಿಗೇ ಹೋಗಿ ಕೇಳ್ಬೇಕು ಅಕ್ಕ" ಎಂದ ಅವನು.

"ಚಿಂತಾಮಣಿ ಅಲ್ಲಪ್ಪ, ಚಿಂತಲ. ಹುಣಸೆಮರ ಇತ್ತು ಅಲ್ಲಿ" ಎಂದಳು ಅಮ್ಮ.

ಆಗ ನನಗೆ ಹೊಳೆಯಿತು. ಅಮ್ಮನ ತವರಿನಲ್ಲಿ ಮನೆಮಾತು ತೆಲುಗು. ಚಿಂತ ಎಂದರೆ ಹುಣಸೆ. ಅಂಗಡಿಯವನಿಗೆ ಹುಣಸೆ ಮೋರಿಯೂ ಗೊತ್ತಿರಲಿಲ್ಲ. ಆಟೋದವನೊಬ್ಬ, ಲೈನು ಹಿಡಿದು ಹೋದರೆ ಮೋರಿಗಳು ಬೇಕಾದಷ್ಟು ಸಿಗುತ್ತವೆ ಎಂದು ಊರಾಚೆ ಹಿಪ್ಪುನೇರಳೆ ತೋಟಗಳ ಹತ್ತಿರ ನಮ್ಮನ್ನು ಇಳಿಸಿ ಹೋದ.

ಹಳಿ ಕಿತ್ತಿದ್ದ ಏರಿಯ ಮೇಲೆ ನಡೆದೆವು. ಅಮ್ಮ ಮುಂದೆ, ನಾನು ಹಿಂದೆ. "ಕಲ್ಲಿನ ಕಟ್ಟಡ. ಮೂರು ಕಣ್ಣು" ಎಂದಿದ್ದಳು, ಕಣ್ಣು ಅಂದರೆ ಕಮಾನು. ಮೊದಲು ಸಿಕ್ಕಿದ್ದಕ್ಕೆ ಐದು ಕಣ್ಣಿತ್ತು. ಅವಳು ನಿಲ್ಲಲೂ ಇಲ್ಲ. ಮುಂದಿನದು ಕಬ್ಬಿಣದ ತೊಲೆಯದು. ಆಮೇಲೊಂದು ಬಂತು, ಮೂರು ಕಣ್ಣು ಸರಿ, ಆದರೆ ಇಟ್ಟಿಗೆಯದು. ಆದರೂ ಅಮ್ಮ ದಡದಡನೆ ಕೆಳಗಿಳಿದಳು. ಕಮಾನಿನ ಕಡೆ ಅವಳು ತಲೆ ಎತ್ತಲೇ ಇಲ್ಲ. ಬೇಲಿ ಬುಡ, ಹಳ್ಳದ ದಂಡೆ, ಪೊದೆ ಎಲ್ಲ ಬಗ್ಗಿ ಬಗ್ಗಿ ನೋಡುತ್ತಿದ್ದಳು.

"ಏನು ಹುಡುಕ್ತಿದೀಯಮ್ಮ? ಸೇತುವೆ ಮೇಲಿದೆ."

ಅವಳು ನೆಟ್ಟಗೆ ನಿಂತು ನನ್ನ ಮುಖ ನೋಡಿದಳು.

"ನೀನೊಬ್ಬಳೇ ಹುಟ್ಟಲಿಲ್ಲ ಕಣಮ್ಮ. ನಿನ್ನ ಹಿಂದೇನೇ ಇನ್ನೊಂದು ಬಂತು. ಗಂಡು. ಅದು ಅಳಲಿಲ್ಲ. ನಿಮ್ಮ ತಾತ ಅಲ್ಲೇ ಮರದ ಬುಡದಲ್ಲಿ ಮಣ್ಣು ಮಾಡಿದ್ರು. ನನಗೆ ಮುಖ ತೋರಿಸ್ಲಿಲ್ಲ. ಬಾಣಂತಿ ನೋಡಬಾರದು ಅಂದ್ರು."

"ನನಗ್ಯಾಕೆ ಹೇಳಲಿಲ್ಲ?"

"ನೀನು ಬದುಕಿದ್ದೆ. ನಗೋ ಕೂಸಿನ ಮುಂದೆ ಯಾರು ಹೇಳ್ತಾರೆ? ಈಗ ಜೆಸಿಬಿ ಹಾಕಿ ಅಗೀತಾರಂತೆ. ರಾತ್ರಿಯೆಲ್ಲ ಅದೇ ಕಣ್ಣಿಗೆ ಕಟ್ತಿತ್ತು."

ಅವಳು ಆಗಲೇ ಏರಿ ಹತ್ತಿದ್ದಳು. ಅಲ್ಲಿಂದ ಮುಂದೆ ನಾನೂ ನೆಲ ನೋಡುತ್ತಲೇ ನಡೆದೆ. ಕಾಲಿಗೆ ಸಿಕ್ಕ ಪ್ರತಿ ಕಲ್ಲನ್ನೂ ಬಗ್ಗಿ ನೋಡಿ ದಾಟಿದೆ. ದೂರದಲ್ಲಿ ಅಂಬಾಜಿದುರ್ಗದ ಬೆಟ್ಟ ಬಿಸಿಲಿಗೆ ಮಸುಕಾಗಿತ್ತು.

ಮೇಕೆ ಮೇಯಿಸುತ್ತಿದ್ದ ಒಬ್ಬ ಮುದುಕಿ ನಮ್ಮನ್ನು ನೋಡಿ ತೆಲುಗಿನಲ್ಲಿ, "ಎವರಮ್ಮಾ, ಏ ಊರು?" ಎಂದು ಯಾರು, ಯಾವೂರು ಅಂತ ಕೇಳಿದಳು. ಅಮ್ಮ ತನ್ನ ತವರೂರಿನ ಹೆಸರು ಹೇಳಿ, ಹುಣಸೆಮರದ ಮೋರಿ ಹುಡುಕುತ್ತಿದ್ದೇವೆ ಎಂದಳು.

"ಆ ಕಡೆ ಊರೋರು ಚಿಂತಲ ಮೋರಿ ಅಂತಾರೆ. ನಾವು ಗೂಬೆ ಮೋರಿ ಅಂತೀವಿ" ಎಂದು ಮುದುಕಿ ಕೋಲಿನಿಂದ ಮುಂದಿನ ತಿರುವು ತೋರಿಸಿದಳು. "ಮರ ಎಲ್ಲೈತೆ ತಾಯಿ, ಯಾವತ್ತೋ ಕಡಿದ್ರು."

ಅವಳ ಚಿಕ್ಕ ಮನೆ ಅಲ್ಲೇ ಹತ್ತಿರವಿತ್ತು. ಅಮ್ಮ ಕೇಳಿದ್ದಕ್ಕೆ ಒಂದು ಲೋಟ ಹಾಲು ತಂದುಕೊಟ್ಟಳು. ಯಾಕೆ ಎಂದು ಕೇಳಲಿಲ್ಲ.

ತಿರುವಿನಲ್ಲಿ ಸೇತುವೆ ಸಿಕ್ಕಿತು. ಬೂದುಕಲ್ಲು, ಮೂರು ಕಣ್ಣು. ಪಕ್ಕದಲ್ಲಿ ಹಳದಿ ಜೆಸಿಬಿಯೊಂದು ಮಣ್ಣು ಬಗೆಯುತ್ತಿತ್ತು. ಅಮ್ಮ ಹಳ್ಳಕ್ಕೆ ಇಳಿದು, ಈ ಕಣ್ಣಿನಿಂದ ಆ ಕಣ್ಣಿಗೆ ಓಡಾಡಿದಳು.

"ಇದಲ್ಲ ಅನ್ಸತ್ತೆ. ಅದು ಇನ್ನೂ ಎತ್ತರ ಇತ್ತು. ಇದು ಕೈಗೆ ಸಿಗೋ ಹಂಗೈತೆ."

"ಮುದುಕಿ ಇದೇ ಅಂದ್ಳಲ್ಲಮ್ಮ."

"ಅಂದ್ರೆ ಆಯ್ತಾ? ನನಗೆ ಗೊತ್ತಾಗ್ಬೇಕು."

ನನಗೆ ತಲೆ ಕೆಟ್ಟುಹೋಗಿತ್ತು. ಇನ್ನೆಷ್ಟು ಸೇತುವೆಗಳಿವೆಯೋ, ಎಷ್ಟು ಹೆಸರುಗಳಿವೆಯೋ. "ನೀನು ಅವತ್ತು ನಿಂತ್ಕೊಂಡು ನೋಡಿದ್ಯಾ? ಮಲಗಿದ್ದೆ ಅಲ್ವಾ?" ಎಂದು ಸಿಡುಕಿದೆ.

ಅಮ್ಮ ಚೀಲ, ಹಾಲಿನ ಲೋಟ ಕೆಳಗಿಟ್ಟು, ಸೆರಗು ಬಿಗಿದು, ನಡುವಿನ ಕಣ್ಣಿನ ಕೆಳಗೆ ಮರಳಿನ ಮೇಲೆ ಅಂಗಾತ ಮಲಗಿಯೇಬಿಟ್ಟಳು. ತಲೆ ಆ ಕಡೆ, ಈ ಕಡೆ ಹೊರಳಿಸಿದಳು. ಇದ್ದಕ್ಕಿದ್ದಂತೆ ಮೇಲೆ ಒಂದೇ ಕಡೆ ಕಣ್ಣು ನೆಟ್ಟಳು.

"ಬಾ ಇಲ್ಲಿ" ಎಂದಳು.

ನಾನೂ ಅವಳ ಪಕ್ಕ ಮಲಗಿದೆ. ಕಮಾನಿನ ನೆತ್ತಿಯಲ್ಲಿ ಒಂದು ಕಲ್ಲು ಉಳಿದವುಗಳಿಗಿಂತ ಒಂದು ಗೇಣು ಕೆಳಗೆ ಚಾಚಿಕೊಂಡಿತ್ತು, ಇನ್ನೇನು ಬೀಳುವ ಹಾಗೆ.

"ಅದು ನನ್ನ ಹೊಟ್ಟೆ ಮೇಲೇ ಬೀಳತ್ತೆ ಅಂತ ಹೆದರ್ಕೊಂಡಿದ್ದೆ. ಅದನ್ನೇ ನೋಡ್ತಾ ಹಲ್ಲು ಕಚ್ಕೊಂಡಿದ್ದೆ. ಇದೇ ಕಣೇ. ಇದೇ." ಅವಳ ಕೈ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು.

ಅಷ್ಟರಲ್ಲಿ ಕಂಟ್ರಾಕ್ಟರ್ ಕಡೆಯ ಸೂಪರ್‌ವೈಸರ್ ಕೂಗುತ್ತ ಬಂದ. "ಏನಮ್ಮ ಇದು, ಮಲಗೋ ಜಾಗನಾ? ಕಲ್ಲುಗಿಲ್ಲು ಬಿದ್ರೆ ಯಾರು ಹೊಣೆ? ಎದ್ದೇಳಿ!"

ಅಮ್ಮ ಎದ್ದು ಕೂತು, "ನನ್ನ ಮಗು ಇತ್ತಪ್ಪ ಇಲ್ಲಿ, ಮಣ್ಣಲ್ಲಿ. ಹುಣಸೆಮರದ ಬುಡದಲ್ಲಿ" ಎಂದಳು.

ಅವನು ಜೆಸಿಬಿಯವನಿಗೆ ಕೈ ಮಾಡಿ ಎಂಜಿನ್ ಆಫ್ ಮಾಡಿಸಿದ. ಒಣಗಿದ ಹುಣಸೆ ಬೊಡ್ಡೆಯೊಂದು ಅಲ್ಲಿತ್ತೆಂದೂ, ಹೋದ ವಾರವೇ ಅದನ್ನು ಕಿತ್ತರೆಂದೂ ಹೇಳಿದ. ಆ ಜಾಗದಲ್ಲಿ ಈಗ ಕೆಂಪಗೆ ಒಂದು ಗುಂಡಿ ಇತ್ತು.

"ಆ ಮಣ್ಣು ಎಲ್ಲಿ ಹಾಕಿದ್ರಿ?" ಅಮ್ಮ ಕೇಳಿದಳು.

ಅವನು ಕೈಯಿಂದ ಲೈನಿನ ಉದ್ದಕ್ಕೂ ತೋರಿಸಿದ. ಏರಿ ಅಗಲ ಮಾಡಲು ಹರಡಿದ್ದರು. ಹೊಸ ಮಣ್ಣು ಚಿಂತಾಮಣಿ ದಿಕ್ಕಿಗೆ ಕಣ್ಣು ಹೋಗುವಷ್ಟು ದೂರ ಚಾಚಿತ್ತು.

ಅಮ್ಮ ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಅರ್ಧ ಹಾಲನ್ನು ಗುಂಡಿಗೆ ಬಿಟ್ಟಳು. ಉಳಿದರ್ಧವನ್ನು ಏರಿಯ ಮೇಲೆ ನಡೆಯುತ್ತ ಚಿಮುಕಿಸಿ, ಲೋಟ ಬರಿದಾದಲ್ಲಿ ನಿಂತು ಕೈಮುಗಿದಳು. ಸೂಪರ್‌ವೈಸರ್ ನಮ್ಮನ್ನು ಟ್ರ್ಯಾಕ್ಟರಿನಲ್ಲಿ ರಸ್ತೆಯವರೆಗೆ ಬಿಡಿಸಿದ.

ವಾಪಸು ಬರುವಾಗ ಅವಳು ಶಿಡ್ಲಘಟ್ಟದಲ್ಲಿ ಎರಡು ಇಡ್ಲಿ ತಿಂದು, ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಎಚ್ಚರವಿದ್ದದ್ದು ನಾನು. ಅವನೂ ಬದುಕಿದ್ದರೆ ನನ್ನಷ್ಟೇ ವಯಸ್ಸು. ಒಂದೇ ಹೊಟ್ಟೆಯಲ್ಲಿ ಅಷ್ಟು ತಿಂಗಳು ಜೊತೆಗಿದ್ದವನ ಸುದ್ದಿ ನನಗೆ ತಲುಪಿದ್ದು ಅವನ ಮಣ್ಣೂ ಚೆದುರಿದ ಮೇಲೆ. ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ಆಮೇಲೆ ಆ ಸೇತುವೆಯನ್ನೂ ಒಡೆದು ಸಿಮೆಂಟಿನ ಮೋರಿ ಕೂರಿಸಿದರೆಂದು ಗೊತ್ತಾಯಿತು. ಅಮ್ಮ ಕೇಳಿ "ಆಗ್ಲಿ ಬಿಡು" ಎಂದಳು. ಅವಳಿಗೆ ಸಮಾಧಾನವಾಗಿತ್ತು. ನನಗೆ ಆಗಲಿಲ್ಲ. ಭಾನುವಾರ ಬಂದರೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಗೌರಿಬಿದನೂರಿನ ಹತ್ತಿರ, ರೈಲು ಇನ್ನೂ ಓಡುತ್ತಿದ್ದ ಲೈನಿನ ಪಕ್ಕದ ಕಾಲುದಾರಿಯಲ್ಲಿ ನಡೆದು, ಕಂಡ ಸೇತುವೆಗಳ ಹೆಸರು ಕೇಳುವುದು ಒಂದು ಗೀಳಾಯಿತು. ಒಂದೇ ಸೇತುವೆಗೆ ಎರಡು ಊರಿನವರು ಎರಡು ಹೆಸರು ಹೇಳುತ್ತಿದ್ದರು. ಒಂದು ಸಲ ಅಲೀಪುರದ ಕಡೆಯವರೊಬ್ಬರು, ವಯಸ್ಸಾದವರು, ಒಂದು ಕಲ್ಲಿನ ಸೇತುವೆಯ ನೆರಳಲ್ಲಿ ಸೈಕಲ್ ನಿಲ್ಲಿಸಿ ಬೆವರು ಒರೆಸಿಕೊಳ್ಳುತ್ತಿದ್ದರು. ಇದಕ್ಕೆ ಏನಂತಾರೆ ಎಂದು ಕೇಳಿದೆ.

"ಹೆಸರಿಲ್ಲ ಬೇಟಿ. ನಂಬರು ಬರೆದವರೆ, ನೋಡಿ."

"ಯಾರೂ ಹೆಸರಿಟ್ಟಿಲ್ವಾ?"

ಅವರು ಯೋಚಿಸಿ, "ಇಡೋ ಅಂಥದ್ದು ಇಲ್ಲೇನೂ ನಡೆದಿಲ್ಲ" ಎಂದು ಸೈಕಲ್ ಹತ್ತಿದರು.

ಅವರು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಹಿಂದೂಪುರದ ಕಡೆ ಹೋಗುವ ರೈಲು ಬಂತು. ಕಲ್ಲುಗಳು ಅದುರಿದವು; ನಾನು ಕಮಾನಿನ ನೆತ್ತಿಯಲ್ಲಿ ಕೆಳಗೆ ಚಾಚಿದ ಕಲ್ಲೊಂದನ್ನು ಹುಡುಕುತ್ತಿದ್ದೆ.